ಬಸಪ್ಪ ಬಿಚ್ಚಿದ ಸೆನ್ಸರ್

ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ರಸ್ತೆಯಲ್ಲಿ, ಸಾಮಿಲ್ಲಿನ ಪಕ್ಕದಲ್ಲಿ ಬಸಪ್ಪನ ಗ್ಯಾರೇಜು. ಗುಡ್ನಾಪುರದ ಬಸಪ್ಪ ಲಾರಿಗಳ ಅಡಿಯಲ್ಲಿ ಅಂಗಾತ ಮಲಗಿ ಕೆಲಸ ಕಲಿತವನು. ತೊಂಬತ್ತರ ದಶಕದಲ್ಲಿ ಜೀಪು, ಮೆಟಡಾರ್ ಕೆಟ್ಟರೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಸದ್ದು ಕೇಳಿ, ತೊಂದರೆ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಹೊಸ ನಮೂನೆಯ ಡೀಸೆಲ್ ಕಾರುಗಳು ಬಂದ ಮೇಲೆ ಮಾತ್ರ ಅವನಿಗೆ ತನ್ನ ಕಿವಿಯ ಮೇಲೆ ಭರವಸೆ ಕಡಿಮೆಯಾಗುತ್ತ ಬಂತು. ಬಾನೆಟ್ ಎತ್ತಿದರೆ ಎಲ್ಲೆಲ್ಲೂ ವೈರುಗಳು. ಯಾವುದನ್ನು ಮುಟ್ಟಿದರೆ ಏನಾದೀತೋ ಎಂಬ ಅಂಜಿಕೆ.

ಎರಡು ಸಾವಿರದ ಆರನೇ ಇಸವಿಯ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ, ನಿಲ್ಕುಂದದ ವಿಘ್ನೇಶ್ವರ ಹೆಗಡೆಯವರ ಕಾರು ಕಪ್ಪು ಹೊಗೆ ಬಿಡುತ್ತ ಬಂದು ಗ್ಯಾರೇಜಿನ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಗಂಗಾ ಒರಗಿಕೊಂಡಿದ್ದರು. ಎರಡೂ ಮೂತ್ರಪಿಂಡ ಸೋತು, ರಕ್ತ ಶುದ್ಧಿ ಮಾಡಿಸಲು ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಬೇಕಿತ್ತು. ಕಾಲು, ಮುಖ ಎಲ್ಲ ಊದಿದ್ದವು.

"ಹನ್ನೆರಡಕ್ಕೆ ಇವಳು ಆಸ್ಪತ್ರೇಲಿ ಇರ್ಬೇಕು ಬಸಪ್ಪ. ಎಂತಾರೂ ಮಾಡು," ಎಂದರು ಹೆಗಡೆಯವರು.

ಏರು ಹತ್ತುವಾಗ ಗಾಡಿಗೆ ಶಕ್ತಿಯೇ ಇಲ್ಲವಂತೆ. ಸ್ಟೇರಿಂಗಿನ ಹಿಂದೆ ಹಳದಿ ದೀಪವೊಂದು ಹೊತ್ತಿಕೊಂಡೇ ಇತ್ತು. ಬಸಪ್ಪ ಹುಬ್ಬಳ್ಳಿಯ ಪರಿಚಯದ ಮೆಕ್ಯಾನಿಕ್ ಒಬ್ಬನಿಗೆ ಫೋನು ಮಾಡಿದ. ಗಾಳಿ ಎಳೆಯುವ ಕೊಳವೆಯ ಮೇಲೆ ಸೆನ್ಸರ್ ಇರುತ್ತದೆ, ಅದಕ್ಕೆ ಧೂಳು ಹಿಡಿದಿರಬೇಕು, ಬಿಚ್ಚಿ ನೋಡು, ಆದರೆ ಒಳಗಿನ ತಂತಿ ಕೂದಲೆಳೆಗಿಂತ ಸಣ್ಣ, ಬೆರಳು ತಾಗಿದರೂ ಹೋಯಿತು ಎಂದ ಅವನು. ಅಂಥ ಸೆನ್ಸರ್ ಶಿರಸಿಯಲ್ಲಂತೂ ಸಿಗುವಂತಿರಲಿಲ್ಲ.

ಬಸಪ್ಪ ಬ್ಯಾಟರಿಯ ವೈರು ತೆಗೆದ. ಸೆನ್ಸರಿಗೆ ಸಿಕ್ಕಿಸಿದ್ದ ಪ್ಲಗ್ಗಿನ ಕೊಂಡಿ ಬಿಸಿಗೆ ಒಣಗಿ ಮುರಿಯುವ ಹಾಗಿತ್ತು. ವೈರು ಜಗ್ಗದೆ, ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಪ್ಲಗ್ಗನ್ನು ಚೂರುಚೂರೇ ಹಿಂದಕ್ಕೆ ಸರಿಸಿದ. ಸೆನ್ಸರಿನ ಎರಡು ಸ್ಕ್ರೂಗಳ ತಲೆ ನಕ್ಷತ್ರದ ಆಕಾರದವು. ಅವನ ಹತ್ತಿರ ಇದ್ದ ಯಾವ ಪಾನಾ, ಸ್ಕ್ರೂಡ್ರೈವರೂ ಅದಕ್ಕೆ ಕೂರಲಿಲ್ಲ. ಆರು ಮೂಲೆಯ ಅಲನ್ ಕೀಯೊಂದರ ತುದಿಯನ್ನು ಅರದಿಂದ ತಿಕ್ಕಿ ಅಳತೆಗೆ ತರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಸ್ಕ್ರೂ ತೆಗೆದು, ಸೆನ್ಸರನ್ನು ತಿರುಚದೆ, ಅಲುಗಾಡಿಸದೆ ನೇರ ಮೇಲಕ್ಕೆ ಎತ್ತಿದ. ಅಂಗಿಯೊಳಗೆ ಬೆವರು ಇಳಿಯುತ್ತಿತ್ತು. ಅದರ ಬುಡದ ರಬ್ಬರಿನ ಬಳೆ ಕೂಡ ಹರಿದಿರಲಿಲ್ಲ.

ಬೆಳಕಿಗೆ ಹಿಡಿದು ನೋಡಿದರೆ ತಂತಿ ಸ್ವಚ್ಛವಾಗಿಯೇ ಇತ್ತು.

ಮತ್ತೆ ಕೂರಿಸಿ ಗಾಡಿ ಚಾಲೂ ಮಾಡಿದ. ಆಕ್ಸಿಲರೇಟರ್ ಒತ್ತಿದರೆ ಅದೇ ಹೊಗೆ, ಅದೇ ದೀಪ. ಬಸಪ್ಪ ಕೈಯೊರೆಸಿಕೊಳ್ಳುತ್ತ ನಿಂತುಬಿಟ್ಟ. "ನನಗ ತಿಳೀವಲ್ದರೀ ಹೆಗಡೇರ," ಎಂದ. ಅಂಥ ಮಾತು ಅವನ ಬಾಯಿಂದ ಗಿರಾಕಿಯ ಎದುರು ಎಂದೂ ಬಂದಿರಲಿಲ್ಲ.

ಗಂಗಾ ತಾವೇ ಬಾಗಿಲು ತೆರೆದು ಇಳಿದರು. ಗಂಡನಿಗೆ, "ಎನಗೆ ಅಡ್ಡಿಲ್ಲೆ, ಬಸ್ಸಿಗೇ ಹೋಪನ," ಎಂದರು. ಬಸಪ್ಪ ಕೈಮಾಡಿ ಬಸ್ಸು ನಿಲ್ಲಿಸಿದ, ಕಂಡಕ್ಟರನಿಗೆ ಹೇಳಿ ಸೀಟು ಕೊಡಿಸಿದ. ಅವನ ಕೈಲಾಗಿದ್ದು ಅಷ್ಟೇ.

ಅವರು ಆಸ್ಪತ್ರೆ ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ರಕ್ತ ಶುದ್ಧಿಯ ಮಶಿನ್ನಿಗೆ ಬೇರೆ ರೋಗಿಯನ್ನು ಹಾಕಿಯಾಗಿತ್ತು. ಗಂಗಾ ಮರುದಿನದವರೆಗೆ ಕಾಯಬೇಕಾಯಿತು.

ಕಾರನ್ನು ಲಾರಿಯಲ್ಲಿ ಹುಬ್ಬಳ್ಳಿಗೆ ಒಯ್ದಾಗ ಬಸಪ್ಪನೂ ಜೊತೆಗೆ ಹೋದ. ಅಲ್ಲಿ ಬೇರೊಬ್ಬ ಮೆಕ್ಯಾನಿಕ್ ಕೈಹಾಕಿ ತೋರಿಸಿದ: ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದಿಂದ ಬರುವ ರಬ್ಬರ್ ಕೊಳವೆ ಅಡಿಯಲ್ಲಿ ಸೀಳಿತ್ತು. ವೇಗ ಕೊಟ್ಟರೆ ಸೀಳು ಬಾಯಿಬಿಟ್ಟು ಗಾಳಿ ಸೋರುತ್ತಿತ್ತು. ಕಿವಿಗೊಟ್ಟರೆ ಬುಸ್ ಎನ್ನುವುದು ಕೇಳುತ್ತಿತ್ತು. ಹಳೇ ಟಯರ್ ಟ್ಯೂಬಿನ ಪಟ್ಟಿ ಬಿಗಿದು ಸುತ್ತಿದ್ದರೆ ಅಂದು ಹುಬ್ಬಳ್ಳಿ ಮುಟ್ಟಬಹುದಿತ್ತು. ಸೆನ್ಸರನ್ನು ತಿರುಗಿಸಿ ನೋಡಿದ ಆ ಮೆಕ್ಯಾನಿಕ್, ಇದನ್ನು ಬಿಚ್ಚಿದವರು ಯಾರು, ಒಂದು ಗೀರೂ ಇಲ್ಲವಲ್ಲ ಎಂದು ಮೆಚ್ಚಿದ.

ತಿಂಗಳ ನಂತರ ಕಾರು ಗ್ಯಾರೇಜಿನ ಮುಂದೆ ನಿಂತಾಗ, ಬಸಪ್ಪ ಹಿಂದಿನ ಕಿಟಕಿಯ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಗಂಗಾ ಅವರಿಗೆ ಹೇಳಿದ. ದೀಪ ನೋಡಿ ಹೆದರಿದೆ, ಸದ್ದು ಕೇಳಬೇಕೆಂದು ಹೊಳೆಯಲೇ ಇಲ್ಲ ಎಂದ.

ಗಂಗಾ, "ನೀನು ಬೇಕಂತ ಮಾಡಿದ್ದಲ್ಲ ಬಸಪ್ಪ," ಎಂದರು. "ಆದ್ರೆ ಆ ದಿನ ನಂಗೆ ಉಸಿರು ಎಳೀಲಿಕ್ಕೇ ಆಗ್ತಿರ್ಲಿಲ್ಲ."

ಮರುವರ್ಷ ಗಂಗಾ ತೀರಿಕೊಂಡರು. ಹೆಗಡೆಯವರು ಆಯಿಲ್ ಬದಲಿಸಲು ಅವನಲ್ಲಿಗೇ ಬರುತ್ತಿದ್ದರು. ಬಾನೆಟ್ಟಿನ ಮೇಲೆ ಬಗ್ಗಿದ ಬಸಪ್ಪ ಕೆಲಸ ಮುಗಿದ ಮೇಲೂ ಬಹಳ ಹೊತ್ತು ತಲೆಯೆತ್ತುತ್ತಿರಲಿಲ್ಲ.