ಸೋಮವಾರದ ಜಕ್ಕಪ್ಪ

ಉಗಾರದ ಸುತ್ತ ಕಬ್ಬು ಕಡಿಯುವವರಿಗೆಲ್ಲ ಜಕ್ಕಪ್ಪನೇ ಮುಂದಾಳು. ಅವನ ಗ್ಯಾಂಗು ಸೋಮವಾರ ಕಬ್ಬು ಮುಟ್ಟುವುದಿಲ್ಲ. ಟ್ರ್ಯಾಕ್ಟರು ಬಂದು ನಿಂತಿರಲಿ, ಆಳು ಒದಗಿಸುವ ಮುಕಾದಮ ತಲೆ ಚಚ್ಚಿಕೊಳ್ಳಲಿ, ಇಲ್ಲವೆಂದರೆ ಇಲ್ಲ. ಈ ಹಟ ಅವನಿಗೆ ಹತ್ತಿದ್ದು ಸತ್ತಿ ಎಂಬ ಊರಿನ ಒಂದು ದನದ ಕೊಟ್ಟಿಗೆಯಲ್ಲಿ.

ಮೀಸೆ ಮೂಡುವುದಕ್ಕೆ ಎಷ್ಟೋ ಮೊದಲೇ ಅವನಪ್ಪ ಸಾಲ ತೀರಿಸಲು ಅವನನ್ನು ಅಲ್ಲಿನ ಲಗಮಣ್ಣ ಸಾವಕಾರನ ಮನೆಗೆ ಜೀತಕ್ಕೆ ಬಿಟ್ಟಿದ್ದ. ಹೆಂಡಿ-ಸೆಗಣಿ ಬಳಿಯುವುದು, ಮೇವು ಹಾಕುವುದು, ರಾತ್ರಿ ಎತ್ತುಗಳ ಮಗ್ಗುಲಲ್ಲೇ ಮಲಗುವುದು. ಸೋಮವಾರ ಬಸವಣ್ಣನ ವಾರವೆಂದು ಆ ಊರಲ್ಲಿ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಸಾವಕಾರನ ತಾಯಿ ಲಕ್ಷ್ಮಿಬಾಯಿ ಅವುಗಳ ಹಣೆಗೆ ಕುಂಕುಮ ಹಚ್ಚಿ ಕೈ ಮುಗಿಯುವಳು. ಎತ್ತಿಗೇನೋ ಬಿಡುವು, ಅವುಗಳ ಮೈ ತೊಳೆಯುವ ಜಕ್ಕಪ್ಪನಿಗೆ ಅವತ್ತು ದುಪ್ಪಟ್ಟು ಕೆಲಸ.

ಒಂದು ದಿನ ಹೊಳೆಯಾಚೆಯ ಅವನ ಹಳ್ಳಿಯಿಂದ ಸುದ್ದಿ ಬಂತು, ತಾಯಿ ಗೌರಾಬಾಯಿ ಹಾಸಿಗೆ ಹಿಡಿದಿದ್ದಾಳೆ ಎಂದು. ಒಂದೇ ದಿನ ಬಿಡಿ, ನೋಡಿ ಬರುತ್ತೇನೆ ಎಂದು ಬೇಡಿಕೊಂಡ. ಹೆಂಡಿ ನಿಮ್ಮಪ್ಪ ಬಳಿಯುತ್ತಾನೇನು ಎಂದು ಸಾವಕಾರ ಗದರಿದ. ಓಡಿಹೋದರೆ ತನ್ನ ಬದಲಿಗೆ ತಮ್ಮನನ್ನು ಎಳೆದು ತರುತ್ತಾರೆಂಬುದು ಜಕ್ಕಪ್ಪನಿಗೆ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಲಕ್ಷ್ಮಿಬಾಯಿ ಕುಂಕುಮದ ಬಟ್ಟಲು ಹಿಡಿದು ಬಂದರೆ, ಎತ್ತುಗಳ ಪಕ್ಕದ ಗೂಟಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕೊರಳಿಗೆ ಹಾಕಿಕೊಂಡು ಹುಡುಗ ಸುಮ್ಮನೆ ಕೂತಿದ್ದಾನೆ. ಹಿಂದೆಯೇ ಬಂದ ಸಾವಕಾರ ಬಾರುಕೋಲು ಎತ್ತಿದ.

"ಆಯಿ, ಇವತ್ತ ನಾನೂ ಒಂದ ಎತ್ತ ಅಂತ ತಿಳೀರಿ," ಎಂದ ಜಕ್ಕಪ್ಪ. "ಸ್ವಾಮಾರ ಐತ್ರಿ."

ಮುದುಕಿ ಕುಂಕುಮದ ಬಟ್ಟಲನ್ನು ಕೆಳಗಿಟ್ಟಳು. ಭಕ್ತಿಯೋ ಹೆದರಿಕೆಯೋ ಎಂದು ಜನ ಆಮೇಲೆ ಆಡಿಕೊಂಡರು. ನಾಚಿಕೆ ಎಂದೇ ಹೇಳಬೇಕು. ಮಗನ ಕೈಯಿಂದ ಬಾರುಕೋಲು ಕಸಿದುಕೊಂಡು, ಹುಡುಗನ ಕೊರಳ ಹಗ್ಗವನ್ನು ತಾನೇ ಬಿಚ್ಚಿ, ಸಂಜೆಗೆ ಬಂದುಬಿಡು ಎಂದು ಕಳಿಸಿದಳು.

ಮಗನನ್ನು ಕಂಡ ಗೌರಾಬಾಯಿ ಹಾಸಿಗೆಯಲ್ಲೇ ಅರ್ಧ ಎದ್ದಳು. "ಓಡಿ ಬಂದೀಯೇನೋ?"

"ಇಲ್ಲಬೇ. ಇವತ್ತ ನನಗ ಸೂಟಿ."

ಸೂಟಿ ಎಂದರೆ ರಜೆ, ಶಾಲೆಗೆ ಹೋಗುವ ಮಕ್ಕಳ ಮಾತು. ಆ ಗುಡಿಸಲಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ತಾಯಿ ಅವನ ಕೈ ಹಿಡಿದುಕೊಂಡು ಅತ್ತಳು. ಅವನು ಗಂಜಿ ಕುಡಿಸಿ, ಕಾಲು ಒತ್ತಿ, ಹೊತ್ತು ಇಳಿಯುವಾಗ ಹೊರಟ.

ಮಾತಿಗೆ ತಪ್ಪದೆ ಕೊಟ್ಟಿಗೆಗೆ ಮರಳಿದಾಗ, ಪಕ್ಕದ ಮನೆಯ ಜೀತದಾಳು ದುಂಡೇಶ ಗೋಡೆಯಾಚೆಯಿಂದ ಹೇಗೆ ಬಿಟ್ಟರೆಂದು ವಿಚಾರಿಸಿದ. ಇವನು ನಡೆದದ್ದನ್ನೆಲ್ಲ ಹೇಳಿದ.

ಮುಂದಿನ ಸೋಮವಾರ ಆ ಓಣಿಯ ಒಂದೊಂದು ಕೊಟ್ಟಿಗೆಯಲ್ಲೂ ಎತ್ತುಗಳ ಪಕ್ಕ ಒಬ್ಬೊಬ್ಬ ಆಳು ಕೊರಳಿಗೆ ಹಗ್ಗ ಹಾಕಿಕೊಂಡು ಕೂತಿದ್ದ.