ಎರಡು ಗೀಟು, ಒಂದು ಬೊಟ್ಟು

ಹಂದನಕೆರೆಯ ಶಿವಮೂರ್ತಿಯ ಮಗಳು ನಯನ ಯುದ್ಧವಿಮಾನದ ಕೆಲಸ ಮಾಡುತ್ತಾಳೆಂದರೆ ಊರಲ್ಲಿ ಕೆಲವರು ಈಗಲೂ ನಗುತ್ತಾರೆ. ಅವಳು ಇಡೀ ವಿಮಾನವನ್ನು ಕಂಡವಳಲ್ಲ. ಕಂಡಿರುವುದು ಬಾಲಕ್ಕೆ ಹೊದಿಸುವ ತಗಡುಗಳನ್ನು ಮಾತ್ರ. ಐಟಿಐ ಮುಗಿಸಿ ತಿಪಟೂರಿನ ಹೊರಗಿನ ಸಣ್ಣ ವರ್ಕ್‌ಶಾಪಿಗೆ ಸೇರಿದಾಗ ಅವಳಿಗೆ ಹೇಳಿದ್ದು ಇಷ್ಟೇ: ವಿಮಾನ ಹಗುರ, ಕಾವಲಿಗೂ ಆಗುತ್ತದೆ, ದಾಳಿಗೂ ಆಗುತ್ತದೆ; ಎರಡು ದೇಶಗಳು ಸೇರಿ ಮಾಡುತ್ತಿವೆ. ಮೂಗು ಅವರದು, ಬಾಲ ನಮ್ಮದು.

"ಹಂಗಾದ್ರೆ ಇಮಾನ ಯಾರ್ದವ್ವ?" ಎಂದು ಅಪ್ಪ ಕೇಳಿದ್ದ.

"ಇಬ್ರುದೂ ಕಣಪ್ಪ."

"ಇಬ್ರುದೂ ಅಂದ್ರೆ, ಆಕಾಸ್ದಲ್ಲಿ ಕೆಟ್ಟು ನಿಂತಾಗ ಯಾರ್ ಬಂದು ತಳ್ತಾರೆ?" ಎಂದಳು ದೊಡ್ಡಮ್ಮ ಮಂಜಮ್ಮ.

ಸೇರಿ ಬಾಳುವ ಕಷ್ಟ ಮಂಜಮ್ಮನಿಗೆ ಗೊತ್ತಿತ್ತು. ಅಪ್ಪ, ದೊಡ್ಡಪ್ಪ ಇಬ್ಬರೂ ತೋಟ ಹಂಚಿಕೊಂಡಿದ್ದರು, ದನ ಹಂಚಿಕೊಂಡಿದ್ದರು. ಅಟ್ಟವನ್ನು ಮಾತ್ರ ಹಂಚಲಾಗಿರಲಿಲ್ಲ. ಇಬ್ಬರ ತೆಂಗಿನಕಾಯಿಗಳೂ ಸಿಪ್ಪೆ ಸಮೇತ ಅಲ್ಲೇ ಬಿದ್ದಿದ್ದು, ನೀರು ಇಂಗಿ, ವರ್ಷ ತುಂಬುವ ಹೊತ್ತಿಗೆ ಕೊಬ್ಬರಿಯಾಗಬೇಕು. ಬೆರೆತುಹೋಗದಿರಲೆಂದು ಅಪ್ಪನ ಕಾಯಿಗಳಿಗೆ ಗುರುತು: ಎರಡು ಗೀಟು, ಕೆಳಗೊಂದು ಬೊಟ್ಟು. ಚಿಕ್ಕಂದಿನಿಂದ ಅದು ನಯನಾಳ ಕೆಲಸ. ಮೊದಲು ಕೆಮ್ಮಣ್ಣಿನಲ್ಲಿ ಬರೆಯುತ್ತಿದ್ದಳು, ಈಚೆಗೆ ಮಾರ್ಕರ್ ಪೆನ್ನಿನಲ್ಲಿ.

ವರ್ಕ್‌ಶಾಪಿನಲ್ಲಿ ಅವಳ ಜೊತೆ ಒಂದೇ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವಳು ಶಿಫಾ, ತಿಪಟೂರಿನ ಟೈಲರ್ ವಹಾಬ್ ಸಾಹೇಬರ ಮಗಳು. ಒಂದು ದಿನ ಆ ಇನ್ನೊಂದು ದೇಶದ ಇಂಜಿನಿಯರ್ ತಪಾಸಣೆಗೆ ಬಂದ. ತಗಡೊಂದನ್ನು ಮಗುಚಿ, ಒಳಮೈಗೆ ಟಾರ್ಚ್ ಹಿಡಿದು, ಹಾಗೇ ನಿಂತ. ಮೂಲೆಯಲ್ಲಿ ಎರಡು ಗೀಟು, ಕೆಳಗೊಂದು ಬೊಟ್ಟು.

ಅವರ ಕಡೆಯವರು ಅದನ್ನು ನಮ್ಮ ಗುರುತೆಂದುಕೊಂಡರು. ನಮ್ಮವರು ಅವರದೆಂದುಕೊಂಡರು. ಎರಡೂ ಕಡೆಯ ನಕ್ಷೆಗಳಲ್ಲಿ ಅದು ಸಿಗಲಿಲ್ಲ. ಒಳಗೆಲ್ಲೋ ಬಿರುಕಿದೆಯೆಂದು ಯಾರಾದರೂ ಸೂಚನೆ ಬರೆದಿರಬಹುದೇ? ಆ ಅನುಮಾನಕ್ಕೆ ಕೆಲಸವೇ ನಿಂತಿತು. ಮುಗಿದ ತಗಡುಗಳನ್ನು ಇಬ್ಬರೂ ಎತ್ತಿಡುತ್ತಿದ್ದರೂ ಆ ತಗಡಿನ ಹೊಣೆ ಶಿಫಾಳದಾಗಿತ್ತು. ಸೂಪರ್‌ವೈಸರ್ ಜ್ಞಾನೇಶ್ ಬೆವರು ಒರೆಸಿಕೊಂಡು ಅವಳಿಗೆ ಹೇಳಿದ, "ನಾಳೆ ಬೆಳಗ್ಗೆ ಇದೇನು ಅಂತ ಹೇಳ್ದಿದ್ರೆ ನೀವು ಕೆಲಸಕ್ಕೆ ಬರೋದು ಬ್ಯಾಡ ಕಣಮ್ಮ."

ನಯನ ಬಗ್ಗಿ ತಗಡಿನ ಮೂಲೆ ನೋಡಿದಳು. ಗುರುತು ತಮ್ಮ ಮನೆಯದೇ. ಆದರೆ ಹಾಕಿದ ನೆನಪು ಎಷ್ಟು ಕೆದಕಿದರೂ ಬರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಶಿಫಾ ತಡೆದು ನಿಲ್ಲಿಸಿದಳು. "ಲೇ, ಅದು ನಿಮ್ ಅಟ್ಟದ ಗುರುತು ಕಣೇ. ಹಬ್ಬಕ್ಕೆ ಬಂದಾಗ ನೋಡಿದೀನಿ."

"ನೋಡಿದೀಯ ಅಂದ್ಮೇಲೆ ನೀನೇ ತಮಾಷೆಗೆ..."

"ನಾನಾ? ಯುದ್ಧದ ವಿಮಾನದ ಮೇಲೆ ನಿಮ್ಮಪ್ಪನ ಕಾಯಿ ಗುರುತು ಹಾಕೋಕೆ ನನಗೇನು ತಲೆ ಕೆಟ್ಟಿದ್ಯಾ?"

"ನನಗೆ ನೆನಪೇ ಇಲ್ಲ ಕಣೇ."

"ನೆನಪು ಮಾಡ್ಕೋ," ಎಂದಳು ಶಿಫಾ. "ನಾಳೆ ಹೋಗೋದು ನನ್ ಕೆಲಸ."

ಬಸ್ಸಿನಲ್ಲಿ ಕಿಟಕಿಯಾಚೆ ತೆಂಗಿನ ಸಾಲುಗಳು ಓಡುತ್ತಿದ್ದವು. ಶಿಫಾ ಹಾಕಿರಲಾರಳು. ಹಾಗಾದರೆ ನಾನೇ ಹಾಕಿದೆನೇ? ಹಾಕಿದ್ದರೆ ಆ ಹೊತ್ತಿನಲ್ಲಿ ನಾನೆಲ್ಲಿದ್ದೆ? ತನ್ನ ಕೈಯನ್ನೇ ಅವಳು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಮನೆಗೆ ಬಂದರೆ ಮಂಜಮ್ಮ ಅಟ್ಟದ ಏಣಿಯ ಮೇಲೆ ನಿಂತು ಕೂಗಾಡುತ್ತಿದ್ದಳು. "ಬಾರವ್ವ ಇಮಾನದೋಳೇ! ನಮ್ ಕಾಯಿಗೂ ನಿಮ್ ಬೊಟ್ಟು ಇಕ್ಕಿದೀಯಲ್ಲ, ನಿನ್ ಕೈಗೇನ್ ಬಂದೈತೆ?"

"ನಾನಾ, ದೊಡ್ಡಮ್ಮ?"

"ಇನ್ಯಾರು? ಮೊನ್ನೆ ನಾನೇ ನೋಡ್ದೆ. ಫೋನಲ್ಲಿ ನಗ್ತಾ ನಗ್ತಾ ಗೀಚ್ತಾ ಇದ್ದೆ. ಕಣ್ಣು ಮಾತ್ರ ಬಾಗ್ಲ ಕಡೀಕೆ."

ನಯನ ಏಣಿ ಹತ್ತಿದಳು. ದೊಡ್ಡಪ್ಪನ ಕಡೆಯ ರಾಶಿಯಲ್ಲೂ ಅಲ್ಲೊಂದು ಇಲ್ಲೊಂದು ಕಾಯಿಗೆ ಅದೇ ಗುರುತು. ಅವೂ ನೆನಪಿರಲಿಲ್ಲ. ಮುಗಿಸಿ ಪಕ್ಕಕ್ಕಿಡುವ ಯಾವುದಕ್ಕೂ ಅವಳ ಕೈ ಅವಳನ್ನು ಕೇಳದೆ ಗುರುತು ಹಾಕಿಬಿಡುತ್ತಿತ್ತು. ಅವಳು ಸುಮ್ಮನೆ ಒಂದು ಕಾಯಿ ತೆಗೆದು ಚೀಲಕ್ಕಿಟ್ಟುಕೊಂಡಳು.

ಬೆಳಗ್ಗೆ ಅದನ್ನು ತಗಡಿನ ಪಕ್ಕದಲ್ಲಿಟ್ಟಳು. "ಸರ್, ಶಿಫಾ ಅಲ್ಲ, ನಾನು. ಬಿರುಕು ಗಿರುಕು ಏನಿಲ್ಲ. ಇದು ನಮ್ ಮನೇದು ಅನ್ನೋ ಗುರುತು."

ಜ್ಞಾನೇಶ್ ಕಾಯಿ ನೋಡಿದ, ತಗಡು ನೋಡಿದ. ಹೊರದೇಶದವನಿಗೆ ಏನೆಂದು ಹೇಳಬೇಕೋ ತಿಳಿಯದೆ ಕಾಯನ್ನೇ ಅವನ ಕೈಗಿತ್ತ. ಅವನೂ ಎರಡು ಗುರುತುಗಳನ್ನು ಹೋಲಿಸಿ, ಕಾಯನ್ನು ಕಿವಿಯ ಬಳಿ ಅಲುಗಿಸಿ, ಗಂಭೀರವಾಗಿ ತಲೆಯಾಡಿಸಿ ನಯನಾಳಿಗೆ ಹಿಂದಕ್ಕೆ ಕೊಟ್ಟ. ಅವನಿಗೆ ಅರ್ಥವಾದದ್ದೇನೆಂದು ಯಾರಿಗೂ ತಿಳಿಯಲಿಲ್ಲ. ತಗಡನ್ನು ಮತ್ತೆ ಪರೀಕ್ಷಿಸಿ, ಗುರುತು ಒರೆಸಿ ಪಾಸು ಮಾಡಿದರು. ನಯನಾಳನ್ನು ಮಾರ್ಕರ್ ಕೈಗೆ ಸಿಗದ ಡ್ರಿಲ್ಲಿಂಗ್ ಮೇಜಿಗೆ ಹಾಕಿದರು.

ಊಟದ ಹೊತ್ತಿಗೆ ಶಿಫಾ ಬಂದು ಎದುರು ಕೂತಳು.

"ನನ್ ಮೇಲೇ ಅನುಮಾನ ಪಟ್ಟೆಯಲ್ಲೇ."

"ತಪ್ಪಾಯ್ತು ಕಣೇ."

"ಆ ಕಾಯಿ ನನಗೆ ಕೊಡು. ಅಮ್ಮೀಗೆ ತೋರಿಸ್ಬೇಕು, ನನ್ ಕೆಲಸ ತಿನ್ನೋಕೆ ಬಂದಿದ್ದು ಇದೇ ಅಂತ."

ನಯನ ಕೊಟ್ಟಳು. ಶಿಫಾ ಅದನ್ನು ಅಲುಗಿಸಿದಳು. ಒಳಗೆ ನೀರು ಇನ್ನೂ ಕುಲುಕುತ್ತಿತ್ತು.

"ನಿಮ್ಮಪ್ಪ ಬೈಯಲ್ಲ ತಾನೆ?"

ನಯನ ಕಾಯಿಯ ಮೇಲಿನ ಗುರುತನ್ನೇ ನೋಡಿದಳು. ಅದನ್ನು ಅಪ್ಪನ ರಾಶಿಯಿಂದ ಎತ್ತಿಕೊಂಡಿದ್ದಳೋ, ದೊಡ್ಡಪ್ಪನ ರಾಶಿಯಿಂದಲೋ, ಅವಳಿಗೆ ನೆನಪಿರಲಿಲ್ಲ.