ಫಿನಾಯಿಲ್ ಮಾವ ಮೀನು ಕಾದದ್ದು

ಆಸ್ಪತ್ರೆಯಲ್ಲಿ ವಾರ್ಡುಗಳ ನೆಲ ತೊಳೆಸುವ ಮೇಲ್ವಿಚಾರಕರಾಗಿದ್ದು ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಫಿನಾಯಿಲ್ ಮಾವ ಎಂದೇ ಕರೆಯುತ್ತಿದ್ದರು. ಕೆಲಸ ಬಿಟ್ಟರೂ ಬಕೆಟ್ಟು ಬಿಡಲಿಲ್ಲ. ಮನೆಗೆ ಬಂದವರು ಕುರ್ಚಿಯಿಂದ ಏಳುವ ಮೊದಲೇ ಬಟ್ಟೆ ಹಿಡಿದು ಒರೆಸಲು ನಿಂತಿರುತ್ತಿದ್ದರು. ಒಳ್ಳೆಯವರೇ, ಪಾಪ. ಆದರೆ ಆ ಒಳ್ಳೆಯತನ ತಡೆದುಕೊಳ್ಳಲು ಗಟ್ಟಿ ಗುಂಡಿಗೆ ಬೇಕಿತ್ತು.

ಅವರ ಹೆಂಡತಿ, ಅಂದರೆ ಬೀದಿಗೆಲ್ಲ ಅತ್ತೆ, ಅವರಿಗೆ ವರ್ಷವಿಡೀ ನೆಗಡಿ. ಆ ಮನೆಯಲ್ಲಿ ನೆಲವೂ ಒಣಗುತ್ತಿರಲಿಲ್ಲ, ಅತ್ತೆಯ ಮೂಗೂ ಒಣಗುತ್ತಿರಲಿಲ್ಲ. ಒಮ್ಮೆ ಅತ್ತೆ ತಂಗಿಯ ಮನೆಗೆ ಹೊರಟು, ತಮ್ಮ ಮುದ್ದಿನ ಕಿತ್ತಳೆ ಬಣ್ಣದ ಮೀನನ್ನು ಗಂಡನಿಗೆ ಒಪ್ಪಿಸಿದರು.

"ಇದಕ್ಕೇನಾದ್ರೂ ಆದ್ರೆ ನಾನು ವಾಪಸ್ ತಂಗಿ ಮನೆಗೇ, ನೋಡಿ ಮತ್ತೆ!"

ನಗುತ್ತಲೇ ಹೇಳಿದರು. ಮಾವನಿಗೆ ನಗು ಬರಲಿಲ್ಲ.

ಮಾವ ಟೊಂಕ ಕಟ್ಟಿ ನಿಂತರು. ಬೆಳಿಗ್ಗೆ ನಲ್ಲಿಯ ತಣ್ಣೀರು, ಸಂಜೆ ಮತ್ತೆ ಹೊಸ ನೀರು. ಗಾಜಿನ ತೊಟ್ಟಿಯ ಕಲ್ಲುಗಳಿಗೆ ಹಲ್ಲುಜ್ಜುವ ಬ್ರಷ್ಷಿನ ಸೇವೆ. ಮೀನು ಸ್ವಲ್ಪ ಸುಮ್ಮನಿದ್ದರೆ ಬದುಕಿದೆಯೋ ಇಲ್ಲವೋ ಎಂದು ಗಾಜು ತಟ್ಟಿ ಎಬ್ಬಿಸುವುದು. ವಾರ ಕಳೆಯುವಷ್ಟರಲ್ಲಿ ಮೀನಿನ ಮೈತುಂಬ ಬಿಳಿ ಚುಕ್ಕೆ ಎದ್ದು, ಅದು ಮೂಲೆ ಹಿಡಿಯಿತು. ಮಾವನ ಜೀವ ಬಾಯಿಗೆ ಬಂತು. ಮೀನನ್ನು ಬಕೆಟ್ಟಿಗೆ ಹಾಕಿಕೊಂಡು ಮೀನಿನ ಡಾಕ್ಟರಮ್ಮನ ಬಳಿಗೆ ಓಡಿದರು.

ಡಾಕ್ಟರಮ್ಮ ಒಂದು ತೊಟ್ಟು ರಕ್ತ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. "ರೋಗದ ಜೊತೆ ಹೋರಾಡೋ ಬಿಳಿ ಕಣಗಳು ತುಂಬಾ ಕಮ್ಮಿಯಾಗಿವೆ. ಪರಿಸರ ಸರಿಯಿಲ್ದೆ ಮೀನು ಹೆದರ್ತಾನೇ ಇದ್ರೆ ಹೀಗಾಗುತ್ತೆ."

"ನಮ್ಮ ಬೀದೀಲಿ ಧೂಳು ಜಾಸ್ತಿ ಡಾಕ್ಟ್ರೇ."

"ನೀರು ಯಾರು ಬದಲಾಯಿಸ್ತಾರೆ?"

ಮಾವ ಎದೆಯುಬ್ಬಿಸಿ ತಮ್ಮ ದಿನಚರಿಯನ್ನೆಲ್ಲ ಒಪ್ಪಿಸಿದರು. ಗಾಜು ತಟ್ಟಿದ್ದನ್ನೂ ಬಿಡಲಿಲ್ಲ.

"ಧೂಳಲ್ಲ ಸಾರ್," ಎಂದರು ಡಾಕ್ಟರಮ್ಮ. "ಇದರ ಪರಿಸರ ನೀವೇ. ಔಷಧಿ ಕೊಡ್ತೀನಿ. ನೀರು ನಾನು ಹೇಳಿದಾಗ ಮಾತ್ರ. ಉಳಿದ ಹೊತ್ತು ಸುಮ್ನೆ ಕೂತ್ಕೊಳ್ಳಿ."

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಮಾವನಿಗೆ ಮೈಕ್ರೋಸ್ಕೋಪೇ ಬೇಕಾಯಿತು.

ಸುಮ್ಮನೆ ಕೂರುವುದೇನು ಹುಡುಗಾಟವೇ? ಮಾವ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ತೊಟ್ಟಿಯ ಮುಂದೆ ಕೂತರು. ಹಾಗೆ ಕೂತಿದ್ದಾಗಲೇ ಅತ್ತೆಯ ಫೋನು ಬಂತು.

"ಇಲ್ಲಿಗೆ ಬಂದ್ಮೇಲೆ ಒಂದ್ಸಲಾನೂ ಸೀನಿಲ್ಲ ರೀ. ಇಲ್ಲಿನ ನೀರೇ ಚೆನ್ನಾಗಿದೆ ಅನ್ಸುತ್ತೆ."

ಮಾವ ಮೀನನ್ನು ನೋಡಿದರು. ಚೆನ್ನಾಗಿರುವುದು ನೀರಲ್ಲ, ಫಿನಾಯಿಲ್ ಇಲ್ಲದ ಗಾಳಿ ಎಂದು ಅವರಿಗೆ ಹೊಳೆಯಿತು. ಫೋನಿಟ್ಟು ಕೈಗಳನ್ನು ಮತ್ತೆ ತೊಡೆಯ ಕೆಳಗೆ ಒತ್ತಿಕೊಂಡರು.

ಅತ್ತೆ ಬರುವ ಹೊತ್ತಿಗೆ ಚುಕ್ಕೆಗಳೆಲ್ಲ ಹೋಗಿ ಮೀನು ಆರಾಮವಾಗಿ ಈಜುತ್ತಿತ್ತು. ಅದನ್ನು ನೋಡುವ ಆತುರದಲ್ಲಿ ಅವರು ಧೂಳು ಮೆತ್ತಿದ ಚೀಲವನ್ನು ಹೊಳೆಯುವ ನೆಲದ ಮೇಲೆ ಧೊಪ್ಪನೆ ಇಟ್ಟು, ಚಪ್ಪಲಿಯಲ್ಲೇ ಒಳಗೆ ಬಂದುಬಿಟ್ಟರು. ಆಮೇಲೆ ನೆನಪಾಗಿ, ಬೆಚ್ಚಿ ಗಂಡನ ಕಡೆ ತಿರುಗಿದರು. ಮಾವ ಎದ್ದಿರಲಿಲ್ಲ. ಕೈಗಳು ತೊಡೆಯ ಕೆಳಗೇ ಇದ್ದವು.

ಅತ್ತೆ ಗಾಬರಿಯಾಗಿ ಅವರ ಹಣೆ ಮುಟ್ಟಿ ನೋಡಿದರು. "ಏನ್ರೀ, ಜ್ವರ ಬಂದಿದ್ಯಾ?"

"ಇಲ್ಲ ಕಣೇ. ಚೀಲ ಅಲ್ಲೇ ಇರ್ಲಿ ಬಿಡು," ಎಂದರು ಮಾವ, ಚೀಲದತ್ತ ನೋಡದಿರಲು ಹೆಣಗುತ್ತಾ. "ನೀನು ಮಾತ್ರ ವಾಪಸ್ ಹೋಗ್ಬೇಡ."